ಐದು ಲಕ್ಷದ ಕಾರ್ಡ್ ಇದೆ, ಸಕ್ಕರೆ ಮಾತ್ರೆಗೆ ದುಡ್ಡಿಲ್ಲ

ಲಗ್ಗೆರೆಯಲ್ಲಿ ಒಂದು ಮನೆ ಅಂದ್ಕೊಳ್ಳಿ. ಗಂಡ ಆಟೊ ಓಡಿಸುತ್ತಾರೆ. ಹೆಂಡತಿ ಮೊದಲು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು, ಈಗ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ. ಮಗ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಅತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಬೀರುವಿನ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಗಾರ್ಮೆಂಟ್ಸ್ ಕಾಲದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್, ಮಗನ ಇ-ಶ್ರಮ್ ಕಾರ್ಡ್, ಊರಿನ ಡೇರಿಯಲ್ಲಿ ಯಾವಾಗಲೋ ಮಾಡಿಸಿದ ಹಳೇ ಯಶಸ್ವಿನಿ ಕಾರ್ಡ್. ಐದು ಕಾರ್ಡ್ ಇದೆ. ಆದರೆ ಅತ್ತೆಯ ಮಾತ್ರೆ ಮುಗಿದಾಗ ಮೆಡಿಕಲ್ ಸ್ಟೋರ್‌ನಲ್ಲಿ ಇದ್ಯಾವುದೂ ನಡೆಯಲ್ಲ. ಕೈಯಿಂದಲೇ ಕೊಡಬೇಕು.

ಬೆಂಗಳೂರಲ್ಲಿ ಇಂಥ ಮನೆ ಒಂದೆರಡಲ್ಲ. ಇಷ್ಟೊಂದು ಯೋಜನೆ ಇದ್ದೂ ಹೀಗ್ಯಾಕೆ, ಸಹಕಾರ ಸಂಘಗಳೇ ಆರೋಗ್ಯ ವಿಮೆ ಮತ್ತು ಕ್ಲಿನಿಕ್ ನಡೆಸಿದರೆ ಏನಾದರೂ ಬದಲಾಗುತ್ತಾ ಅನ್ನುವ ಮಾತು ಈಗ ಮತ್ತೆ ಎದ್ದಿದೆ.

ಸುದ್ದಿ ಏನು, ಗೊಂದಲ ಎಲ್ಲಿ

ಕೆಲವು ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ 18%ರಿಂದ ಸೊನ್ನೆಗೆ ಇಳಿಯಿತು. ಎಲ್ಲರಿಗೂ ವಿಮೆ ಅಗ್ಗ ಆಯ್ತು ಅಂತ ಅನೇಕರು ತಿಳಿದುಕೊಂಡರು. ಹಾಗಲ್ಲ. ಸೊನ್ನೆ ಆದದ್ದು ಒಬ್ಬರು ತಮಗೋ ತಮ್ಮ ಕುಟುಂಬಕ್ಕೋ ನೇರವಾಗಿ ಕೊಳ್ಳುವ ಪಾಲಿಸಿಗೆ ಮಾತ್ರ. ಗುಂಪು ವಿಮೆಗೆ 18% ಹಾಗೇ ಇದೆ. ಅಂದರೆ ಜಯನಗರದಲ್ಲಿ ಕುಳಿತು ಫೋನಿನಲ್ಲೇ ಪಾಲಿಸಿ ಮಾಡಿಸುವವರಿಗೆ ತೆರಿಗೆ ಇಲ್ಲ, ಮನೆಗೆಲಸದವರ ಸಂಘವೊಂದು ತನ್ನ ಸದಸ್ಯರಿಗೆಲ್ಲ ಸೇರಿಸಿ ಕಂಪನಿಯಿಂದ ಪಾಲಿಸಿ ಕೊಂಡರೆ ಸಾವಿರ ರೂಪಾಯಿ ಕಂತಿನ ಮೇಲೆ 180 ರೂಪಾಯಿ ತೆರಿಗೆ ಇದೆ. ಬೇಕಂತಲೇ ಹೀಗೆ ಮಾಡಿದ್ದಾರೆ ಅಂತಲ್ಲ. ದೊಡ್ಡ ಕಂಪನಿಗಳು ನೌಕರರಿಗೆ ಮಾಡಿಸುವ ಪಾಲಿಸಿಯೂ ಗುಂಪು ವಿಮೆಯೇ, ಆ ಬುಟ್ಟಿಯಲ್ಲಿ ಬಡವರ ಸಂಘವೂ ಬಿತ್ತು ಅಷ್ಟೇ.

ಇನ್ನೊಂದು ಕಡೆ ಗಿಗ್ ಕಾರ್ಮಿಕರಿಗೆ, ಅಂದರೆ ಆ್ಯಪ್ ಮೂಲಕ ಡೆಲಿವರಿ, ಕ್ಯಾಬ್‌ನಂಥ ಕೆಲಸ ಮಾಡುವವರಿಗೆ, ಕರ್ನಾಟಕದ ಕಾಯ್ದೆ 2025ರಲ್ಲಿ ಬಂತು. ಆ್ಯಪ್ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಹಣದ 1ರಿಂದ 5%ವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಅನ್ನುತ್ತದೆ ಅದು. ಕಾರ್ಮಿಕರ ವಿಮೆ, ಭವಿಷ್ಯನಿಧಿ ಕಾನೂನುಗಳನ್ನು ಒಂದುಗೂಡಿಸುವ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಅದೇ ವರ್ಷ ನವೆಂಬರ್ 21ರಂದು ಜಾರಿಗೆ ಬಂತು. ಡಿಸೆಂಬರ್‌ನಲ್ಲಿ ಸಂಸತ್ತು ವಿಮಾ ಕ್ಷೇತ್ರದಲ್ಲಿ 100% ವಿದೇಶಿ ಹೂಡಿಕೆಗೆ ಒಪ್ಪಿಗೆ ಕೊಟ್ಟಿತು. ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಬೇರೆ ಇದ್ದೇ ಇದೆ. ಇಷ್ಟರಲ್ಲಿ ಯಾವುದು ಯಾರಿಗೆ, ಹೇಳಿ ನೋಡೋಣ!

ಐದು ಲಕ್ಷ ಯಾವುದಕ್ಕೆ?

ಮೊದಲು ಇದು ಸ್ಪಷ್ಟವಾಗಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30% ಮಾತ್ರ ಸರ್ಕಾರದ್ದು, ಮಿಕ್ಕ 70% ನಮ್ಮದು. ಹಾಗಾಗಿ ರೇಷನ್ ಕಾರ್ಡ್ ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದ ದಿನ ಅಕ್ಕಿಯ ಜೊತೆ ಆಸ್ಪತ್ರೆಯೂ ಕೈತಪ್ಪುತ್ತದೆ. ಇದು ಜನಕ್ಕೆ ಗೊತ್ತಾಗುವುದು ಅಡ್ಮಿಷನ್ ಕೌಂಟರ್‌ನಲ್ಲಿ.

ಈ 5 ಲಕ್ಷ ಇರುವುದು ಆಸ್ಪತ್ರೆಗೆ ಸೇರಿದಾಗ, ಆಪರೇಷನ್ ಆದಾಗ. ಖಾಸಗಿ ಆಸ್ಪತ್ರೆಯಲ್ಲಿ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೂಡ ಬೇಕು. ಹೃದಯಕ್ಕೆ ಸ್ಟೆಂಟ್ ಹಾಕಬೇಕಾದಾಗ ಈ ಕಾರ್ಡ್ ನಿಜವಾಗಿಯೂ ಮನೆ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಪೂರ್ತಿ ಮನೆಯಿಂದ ದುಡ್ಡು ಸೋರುವುದು ಬೇರೆ ತೂತಿನಿಂದ. ಮಾತ್ರೆ, ರಕ್ತ ಪರೀಕ್ಷೆ, ಡಾಕ್ಟರ್ ಫೀಸು, ಆಟೊ ಚಾರ್ಜು, ಹೋಗದೆ ಉಳಿದ ಕೆಲಸದ ಕೂಲಿ.

ಇದಕ್ಕೆ ನಮ್ಮ ಊರಿನದೇ ಪುರಾವೆ ಇದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಅನ್ನುವ ಸಂಸ್ಥೆ ಕೆ.ಜಿ. ಹಳ್ಳಿಯಲ್ಲಿ, ಅಂದರೆ ಕಾಡುಗೊಂಡನಹಳ್ಳಿಯಲ್ಲಿ, ಮನೆಮನೆ ಸಮೀಕ್ಷೆ ಮಾಡಿ 2012ರಲ್ಲಿ ವರದಿ ಪ್ರಕಟಿಸಿತು. ಸಕ್ಕರೆ, ಬಿಪಿಯಂಥ ದೀರ್ಘಕಾಲದ ಕಾಯಿಲೆ ಇರುವ ಮನೆಗಳಲ್ಲಿ ಸುಮಾರು 16% ಮನೆಗಳು ಆದಾಯದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಖರ್ಚು ಮಾಡುತ್ತಿದ್ದವು. ಗಮನಿಸಿ, ಅಡ್ಮಿಟ್ ಆದ ಖರ್ಚಲ್ಲ ಇದು. ಸುಮ್ನೆ ಡಾಕ್ಟರ ಹತ್ತಿರ ಹೋಗಿ ಬಂದು ಮಾತ್ರೆ ತಂದ ಖರ್ಚು.

ಮುಂದೇನಾಗುತ್ತದೆ ಅಂತ ಬಿಡಿಸಿ ನೋಡೋಣ. ದುಡ್ಡು ಸಾಲದಾಗ ಅತ್ತೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾರೆ. ಸಕ್ಕರೆ ಏರುತ್ತದೆ, ಆದರೆ ನೋವಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ. ಎರಡು ಮೂರು ವರ್ಷದ ಮೇಲೆ ಕಾಲಲ್ಲಿ ಗಾಯ ಆಗಿ ವಾಸಿಯಾಗುವುದಿಲ್ಲ. ಆಗ ಅಡ್ಮಿಟ್ ಮಾಡುತ್ತಾರೆ, ಬೆರಳು ತೆಗೆಯುತ್ತಾರೆ. ಆ ಹೊತ್ತಿಗೆ 5 ಲಕ್ಷದ ಕಾರ್ಡ್ ಕೆಲಸ ಮಾಡುತ್ತದೆ. ತಿಂಗಳ ಮಾತ್ರೆಗೆ ಕೊಡದ ಯೋಜನೆ ಬೆರಳು ತೆಗೆಯಲು ಕೊಡುತ್ತದೆ.

ಯಶಸ್ವಿನಿ: ಐದು ರೂಪಾಯಿಯ ಕಥೆ

ಸಹಕಾರ ಅಂದರೆ ಕನ್ನಡಿಗರಿಗೆ ಹೊಸ ಮಾತಲ್ಲ. ದೇಶದ ಮೊದಲ ಸಹಕಾರ ಪತ್ತಿನ ಸಂಘ ಶುರುವಾದದ್ದೇ 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ. ಸುಮಾರು ನೂರು ವರ್ಷದ ಮೇಲೆ ಅದೇ ಸಂಘಗಳ ಜಾಲದ ಮೇಲೆ ಯಶಸ್ವಿನಿ ಕೂತಿತು.

ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, 2002ರ ನವೆಂಬರ್‌ನಲ್ಲಿ ಯೋಜನೆಗೆ ಚಾಲನೆ ಸಿಕ್ಕಿ, 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಇದರ ಹಿಂದಿನ ಯೋಚನೆ ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರದು. ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಇದೆ, ಆಪರೇಷನ್ ಬೇಕಾದ ರೈತರು ಹೊರಗಿದ್ದಾರೆ, ಲಕ್ಷಾಂತರ ಜನ ತಿಂಗಳಿಗೆ ಐದೈದು ರೂಪಾಯಿ ಹಾಕಿದರೆ ಇಬ್ಬರನ್ನೂ ಸೇರಿಸಬಹುದು ಅನ್ನುವುದು ಲೆಕ್ಕ. ವರ್ಷಕ್ಕೆ ತಲೆಗೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಕಂತು ಸಂಗ್ರಹಿಸಲು ಏಜೆಂಟರು ಬೇಕಾಗಲಿಲ್ಲ, ಹಾಲಿನ ಡೇರಿ ಮತ್ತು ಪತ್ತಿನ ಸಂಘದ ಸೆಕ್ರೆಟರಿಗಳೇ ಆ ಕೆಲಸ ಮಾಡಿದರು. ಇನ್ನೊಂದು ಜಾಣತನ ಏನಂದ್ರೆ, ಇದು ವಿಮಾ ಕಂಪನಿಯ ಪಾಲಿಸಿ ಆಗಿರಲಿಲ್ಲ. ಒಂದು ಟ್ರಸ್ಟ್ ಹಣ ಇಟ್ಟುಕೊಂಡು, ಆಸ್ಪತ್ರೆಗಳ ಜೊತೆ ಪ್ರತಿ ಆಪರೇಷನ್‌ಗೆ ದರ ಗೊತ್ತು ಮಾಡಿಕೊಂಡು, ನೇರವಾಗಿ ಬಿಲ್ ಕಟ್ಟುತ್ತಿತ್ತು.

ಆಮೇಲಿನದನ್ನು ಯಾರೂ ಜಾಸ್ತಿ ಹೇಳಲ್ಲ. 60 ರೂಪಾಯಿ ಸಾಲಲಿಲ್ಲ, 2005-06ರಲ್ಲಿ ಕಂತು 120 ಆಯ್ತು. 20 ಲಕ್ಷದ ಹತ್ತಿರ ಇದ್ದ ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಕುಸಿಯಿತು. ಕಂತು ಏರಿದಾಗ ಮೊದಲು ಬಿಡುವವರು ಆರೋಗ್ಯವಾಗಿರುವವರು. ಮೊಣಕಾಲು ನೋವು, ಹರ್ನಿಯಾ ಇರುವವರು ಬಿಡಲ್ಲ. ಅಂದರೆ ಗುಂಪು ಚಿಕ್ಕದಾಗುತ್ತದೆ, ಉಳಿದವರಲ್ಲಿ ರೋಗಿಗಳ ಪಾಲು ಜಾಸ್ತಿಯಾಗುತ್ತದೆ, ಮತ್ತೆ ಕಂತು ಏರಿಸಬೇಕಾಗುತ್ತದೆ. ಈ ಸುಳಿಯಿಂದ ಹೊರಗೆ ಬರಲು ಸರ್ಕಾರದ ದುಡ್ಡು ಬೇಕೇ ಬೇಕು. ಯಶಸ್ವಿನಿಗೂ ಮೊದಲ ದಿನದಿಂದ ಅದು ಇತ್ತು.

ಸರ್ಕಾರದ ದುಡ್ಡಿನ ಜೊತೆ ಸರ್ಕಾರದ ತೀರ್ಮಾನವೂ ಬರುತ್ತದೆ. 2018ರಲ್ಲಿ ಎಲ್ಲವನ್ನೂ ಆರೋಗ್ಯ ಕರ್ನಾಟಕದ ಅಡಿ ತರುವುದು ಅಂತ ನಿರ್ಧಾರವಾಗಿ ಯಶಸ್ವಿನಿ ನಿಂತಿತು. 15 ವರ್ಷ ಕಂತು ಕಟ್ಟಿದವರ ಪೈಕಿ ಎಪಿಎಲ್ ಕಾರ್ಡ್‌ನವರು ಒಂದೇ ಏಟಿಗೆ 30% ಪಾಲಿಗೆ ಇಳಿದರು. ನಾಲ್ಕೂವರೆ ವರ್ಷ ಆದಮೇಲೆ, ಬಸವರಾಜ ಬೊಮ್ಮಾಯಿ ಅವರ ಬಜೆಟ್‌ನಲ್ಲಿ 300 ಕೋಟಿ ರೂಪಾಯಿ ಇಟ್ಟು, 2023ರ ಜನವರಿ 1ರಿಂದ ಮತ್ತೆ ಶುರು ಮಾಡಿದರು. ಹೊಸ ರೂಪದಲ್ಲಿ ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000. ಪರಿಶಿಷ್ಟ ಜಾತಿ, ಪಂಗಡದವರ ಪಾಲನ್ನು ಸರ್ಕಾರ ಕಟ್ಟುತ್ತದೆ. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ.

ಯೋಜನೆ ಒಳ್ಳೆಯದೇ. ಆದರೆ ಹೆಸರಲ್ಲಿ ಸಹಕಾರ ಇದ್ದರೂ ಸದಸ್ಯರಿಗೆ ಇದರ ಮೇಲೆ ಇರುವ ಹಿಡಿತ ಎಷ್ಟು? ಡೇರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ಬರೆದರೆ ವಾರ್ಷಿಕ ಸಭೆಯಲ್ಲಿ ಎದ್ದು ಕೇಳಬಹುದು. ಯಶಸ್ವಿನಿ ನಿಲ್ಲಿಸಿದಾಗ ಕೇಳಲು ಅಂಥ ಸಭೆ ಇರಲಿಲ್ಲ. ಸಹಕಾರ ಸಂಘಗಳ ಮೂಲಕ ನಡೆಯುವ ಯೋಜನೆ ಬೇರೆ, ಸಂಘವೇ ನಡೆಸುವ ಯೋಜನೆ ಬೇರೆ. ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಚೀಟಿ ಲೆಕ್ಕ

ಹಾಗಾದರೆ ಸಂಘವೇ ನಡೆಸಲಿ ಬಿಡಿ, ಬೆಂಗಳೂರಲ್ಲಿ ಚೀಟಿ ಹಾಕದ ಬೀದಿಯೇ ಇಲ್ಲ, ವಿಮೆಯೂ ಹಾಗೇ ಅಲ್ವಾ ಅನ್ನಬಹುದು. ಹಾಗಲ್ಲ. ಚೀಟಿಯಲ್ಲಿ 20 ಜನ ಇದ್ದರೆ 20 ಜನಕ್ಕೂ ಒಂದೊಂದು ಸಲ ದುಡ್ಡು ಬರುತ್ತದೆ, ಎಷ್ಟು ಅನ್ನುವುದೂ ಹೆಚ್ಚುಕಡಿಮೆ ಗೊತ್ತು. ವಿಮೆಯಲ್ಲಿ ಯಾರಿಗೆ, ಯಾವಾಗ, ಎಷ್ಟು ಅನ್ನುವ ಮೂರೂ ಗೊತ್ತಿರಲ್ಲ.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 1,000 ಕುಟುಂಬ, 4,000 ಜನ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನೂರರಲ್ಲಿ ಮೂವರು ಅಡ್ಮಿಟ್ ಆದರೆ 120 ಜನ. ಒಬ್ಬರಿಗೆ ಸರಾಸರಿ 25,000 ರೂಪಾಯಿ ಅಂದರೆ 30 ಲಕ್ಷ. ಕುಟುಂಬಕ್ಕೆ 3,000 ಆಯ್ತು. ಇದು ಎಲ್ಲ ಸರಿಯಾಗಿ ನಡೆದ ವರ್ಷದ ಲೆಕ್ಕ. ಮಳೆಗಾಲದಲ್ಲಿ ಒಂದೇ ಬಡಾವಣೆಯಲ್ಲಿ ಡೆಂಗಿ ಎದ್ದು 120ರ ಜಾಗದಲ್ಲಿ 200 ಜನ ಮಲಗಿದರೆ? ಅಕ್ಕಪಕ್ಕದವರೇ ಸದಸ್ಯರಾಗಿರುವುದರಿಂದ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಅಥವಾ ಎರಡು ಕ್ಯಾನ್ಸರ್, ಮೂರು ಕಿಡ್ನಿ ಕೇಸು ಬಂದರೆ? ಸಂಘ ಮುಳುಗಿಹೋಗುತ್ತದೆ. ಬಡವರು ಬಡವರ ಜೊತೆಗೇ ಸೇರಿ ಹೊತ್ತುಕೊಳ್ಳುವ ಭಾರಕ್ಕೆ ಒಂದು ಮಿತಿ ಇದೆ.

ಇದೇ 4,000 ಜನಕ್ಕೆ ಒಂದು ಪುಟ್ಟ ಕ್ಲಿನಿಕ್ ಇಡೋಣ. ದಿನಕ್ಕೆ ಮೂರ್ನಾಲ್ಕು ಗಂಟೆ, ಸಂಜೆ ಹೊತ್ತು ಒಬ್ಬ ಡಾಕ್ಟರು, ಒಬ್ಬ ನರ್ಸು, ಎರಡು ರೂಮಿನ ಬಾಡಿಗೆ, ಜನರಿಕ್ ಮಾತ್ರೆ, ಸಣ್ಣಪುಟ್ಟ ಪರೀಕ್ಷೆ. ತಿಂಗಳಿಗೆ 1.2 ಲಕ್ಷ ಅಂತ ಹಿಡಿದರೆ ಕುಟುಂಬಕ್ಕೆ ತಿಂಗಳಿಗೆ 120 ರೂಪಾಯಿ. ಈ ಖರ್ಚು ಬಾಡಿಗೆ, ಸಂಬಳದ ಥರ. ಹೆಚ್ಚುಕಡಿಮೆ ಪ್ರತಿ ತಿಂಗಳೂ ಒಂದೇ, ದಿಢೀರಂತ ಹತ್ತು ಪಟ್ಟಾಗುವುದಿಲ್ಲ. ಸಂಘ ಮುಳುಗುವ ಭಯ ಇಲ್ಲ.

ನನ್ನ ಪ್ರಕಾರ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ದೊಡ್ಡ ಕಾಯಿಲೆಗೆ ಕೋಟಿ ಜನರ ಗುಂಪು ಬೇಕು, ಅದು ಸರ್ಕಾರದ ಕೈಲೇ ಆಗುವ ಕೆಲಸ. ಸಣ್ಣ ಕಾಯಿಲೆಗೆ, ದಿನದ ಮಾತ್ರೆಗೆ ಹತ್ತಿರದ ಗುಂಪು ಬೇಕು, ಅಜ್ಜಿ ಈ ತಿಂಗಳು ಮಾತ್ರೆ ತಗೊಂಡು ಹೋಗಲಿಲ್ಲ ಅಂತ ಗೊತ್ತಾಗುವಷ್ಟು ಹತ್ತಿರದ್ದು. ನಾವು ಮಾಡಿದ್ದು ತಿರುಗುಮುರುಗು. ಸಹಕಾರ ಸಂಘಗಳಿಂದ ಆಪರೇಷನ್‌ಗೆ ಕಂತು ವಸೂಲಿ ಮಾಡಿಸಿ, ದಿನದ ಮಾತ್ರೆಯನ್ನು ಯಾರಿಗೂ ವಹಿಸದೆ ಬಿಟ್ಟೆವು.

ಮಾಡಿ ತೋರಿಸಿದವರು

ಇದೇನೂ ಗಾಳಿಗೋಪುರ ಅಲ್ಲ. ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲೇ ಚಾಮರಾಜನಗರ ಜಿಲ್ಲೆಯ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ನಡೆಸಿತು. 2002ರ ಸುಮಾರಿಗೆ ತಿ. ನರಸೀಪುರದಲ್ಲಿ ಅವರೇ ಒಂದು ವಿಮೆ ತಂದರು. ಅದರ ಒಂದು ಅಂಶ ಮಾತ್ರ ಹೇಳಿದರೆ ಸಾಕು: ಸರ್ಕಾರಿ ಆಸ್ಪತ್ರೆಗೆ ಸೇರಿದ ಬಡವರಿಗೆ ಔಷಧಿ ಖರ್ಚಲ್ಲದೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟ ಕೊಡುತ್ತಿದ್ದರು. ಆಸ್ಪತ್ರೆ ಪುಕ್ಕಟೆ ಇದ್ದರೂ ಕೂಲಿ ಹೋಗುತ್ತದೆ ಅಂತಲೇ ಜನ ಬರುವುದಿಲ್ಲ ಅನ್ನುವುದು ಹಳ್ಳಿಯಲ್ಲಿ ಕೂತವರಿಗೆ ಗೊತ್ತಿತ್ತು.

ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿಗಳ ಅಶ್ವಿನಿ ಸಂಸ್ಥೆ 1990ರ ದಶಕದಿಂದಲೂ ಸ್ವಂತ ಆಸ್ಪತ್ರೆ, ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಮತ್ತು ವಿಮೆ ಮೂರನ್ನೂ ಒಟ್ಟಿಗೆ ನಡೆಸಿತು. ಪುಣೆಯ ಅಪ್‌ಲಿಫ್ಟ್ ಅನ್ನುವ ಸದಸ್ಯರ ಆರೋಗ್ಯ ನಿಧಿಯಲ್ಲಿ ಕ್ಲೇಮ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸದಸ್ಯರದೇ ಸಮಿತಿ. ನಿಮ್ಮದೇ ಬೀದಿಯ ಹೆಂಗಸರು ಕೂತು ಬಿಲ್ ನೋಡುವಾಗ ಸುಳ್ಳು ಬಿಲ್ ತರುವುದು ಕಷ್ಟ. ಹಾಗೇ ನಿಜವಾದ ಬಿಲ್ಲನ್ನು ಸಣ್ಣ ಅಕ್ಷರದ ನಿಯಮ ತೋರಿಸಿ ವಾಪಸ್ ಕಳಿಸುವುದೂ ಕಷ್ಟ.

ಎಲ್ಲ ಕಡೆಯೂ ಒಂದು ಸಮಸ್ಯೆ ಇದ್ದದ್ದೇ. ನಡೆಸುವ ಸಂಸ್ಥೆ ಬಲವಾಗಿದ್ದಷ್ಟು ದಿನ ನಡೆಯುತ್ತದೆ. ಹೊರಗಿನ ಅನುದಾನ ನಿಂತಾಗ, ಓಡಾಡುತ್ತಿದ್ದ ಇಬ್ಬರು ಮೂವರು ದಣಿದಾಗ ಕುಂಟುತ್ತದೆ.

ನೂರು ಕೋಟಿಯ ಬಾಗಿಲು

ಸಂಘವೊಂದು ತಾನೇ ವಿಮೆ ಮಾರುತ್ತೇನೆ ಅಂದರೆ ಕಾನೂನು ಬಿಡಲ್ಲ. ಆರೋಗ್ಯ ವಿಮಾ ಕಂಪನಿ ತೆರೆಯಲು ಕನಿಷ್ಠ 100 ಕೋಟಿ ರೂಪಾಯಿ ಬಂಡವಾಳ ಬೇಕು, ಸಹಕಾರ ಸಂಘಕ್ಕೂ ಅದೇ. ವಿಮಾ ನಿಯಂತ್ರಣ ಪ್ರಾಧಿಕಾರವೇ 2020ರಲ್ಲಿ, ಅಹಮದಾಬಾದಿನ ಅಸಂಘಟಿತ ಮಹಿಳಾ ಕಾರ್ಮಿಕರ ಸೇವಾ ಸಂಘಟನೆಯ ಮಿರಾಯ್ ಚಟರ್ಜಿ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು. ಬಡವರಿಗಾಗಿ ಇರುವ ಸಣ್ಣ ಕಂತಿನ ಕಿರು ವಿಮೆಗೆ ಈ ಬಂಡವಾಳವನ್ನು 20 ಕೋಟಿಗೆ ಇಳಿಸಿ ಅಂತ ಅದು ಶಿಫಾರಸು ಮಾಡಿತು. ಅದಾದ ಮೇಲೆ ವಿದೇಶಿ ಬಂಡವಾಳಕ್ಕೆ ಬಾಗಿಲು ಪೂರ್ತಿ ತೆರೆದಿದೆ. ಸಂಘಗಳ ಬಾಗಿಲಿಗೆ ಅಂಥ ಅವಸರ ಯಾರಿಗೂ ಕಂಡಿಲ್ಲ.

100 ಕೋಟಿ ಕೇಳುವುದರಲ್ಲಿ ಅರ್ಥ ಇಲ್ಲ ಅಂತಲ್ಲ. ದುಡ್ಡು ಎತ್ತಿಕೊಂಡು ಓಡಿಹೋದ ಚೀಟಿ ಕಂಪನಿ, ಮುಳುಗಿದ ಸಹಕಾರಿ ಬ್ಯಾಂಕ್ ಎಲ್ಲ ಬೆಂಗಳೂರು ನೋಡಿದೆ. ಠೇವಣಿ ವಾಪಸ್ ಸಿಗದೆ ಅತ್ತವರು ಇದೇ ಊರಲ್ಲಿದ್ದಾರೆ. ಆದರೆ ಆಸ್ಪತ್ರೆ ಬಿಲ್ಲಿನ ಹೊಣೆ ಹೊರುವ ಸಂಘಕ್ಕೂ ಸಂಜೆ ಕ್ಲಿನಿಕ್ ನಡೆಸುವ ಸಂಘಕ್ಕೂ ಅಪಾಯ ಒಂದೇ ಅಲ್ಲ. ಸದಸ್ಯರ ಚಂದಾದಿಂದ ಡಾಕ್ಟರಿಗೆ ಸಂಬಳ ಕೊಡುವುದು ವಿಮೆ ಮಾರಿದಂತೆ ಅಲ್ಲ. ಅದಕ್ಕೆ ಕ್ಲಿನಿಕ್ ನೋಂದಣಿ ಬೇಕು, ಲೆಕ್ಕ ತಪಾಸಣೆ ಬೇಕು, ಅಷ್ಟೇ.

ಇದೆಲ್ಲ ಸರ್ಕಾರದ ಕೆಲಸ ಅಲ್ವಾ?

ಇದು ಗಟ್ಟಿ ಆಕ್ಷೇಪ. ತೆರಿಗೆ ಕಟ್ಟಿದ್ದೇವೆ, ಬಡವರಿಂದ ಮತ್ತೆ 120 ರೂಪಾಯಿ ಯಾಕೆ? ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆಯಲ್ಲ? ಇದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ 108 ನಮ್ಮ ಕ್ಲಿನಿಕ್ ಒಟ್ಟಿಗೆ ತೆರೆದರು, ಆಮೇಲೆ ವಾರ್ಡ್‌ಗೊಂದರಂತೆ ಹೆಚ್ಚಿಸಿದರು. ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್, ಉಚಿತ ಔಷಧಿ. ಐಡಿಯಾ ಸರಿಯಾಗೇ ಇದೆ. ಆದರೆ ಹೆಚ್ಚಿನ ಕಡೆ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್, ಮನೆಗೆಲಸ, ಗಾರೆ ಕೆಲಸಕ್ಕೆ ಹೋಗುವವರು ಮನೆ ಸೇರುವುದೇ ಅದಾದ ಮೇಲೆ. ಹೋಗಬೇಕಂದರೆ ಅರ್ಧ ದಿನದ ಕೂಲಿ ಬಿಡಬೇಕು. ಹಾಗಾಗಿ ಉಚಿತ ಕ್ಲಿನಿಕ್ ಬಿಟ್ಟು, ರಾತ್ರಿ ಎಂಟಕ್ಕೂ ತೆರೆದಿರುವ ಖಾಸಗಿ ಡಾಕ್ಟರ ಹತ್ತಿರ ಹೋಗುತ್ತಾರೆ. ಅದೂ ಇಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಹುಡುಗ ಕೊಟ್ಟಿದ್ದೇ ಮಾತ್ರೆ.

ಇಷ್ಟರ ಮಧ್ಯೆ ಒಂದು ಹಳೇ ಯೋಜನೆಯನ್ನು ಮರೆತೇಬಿಡುತ್ತೇವೆ. ಇಎಸ್‌ಐ. ಆಸ್ಪತ್ರೆಯಲ್ಲಿ ಕಾಯುವುದು, ಔಷಧಿ ಇಲ್ಲ ಅನ್ನುವುದು ಎಲ್ಲ ನಿಜ. ಆದರೂ ಹೊರರೋಗಿ ಚಿಕಿತ್ಸೆ, ಮಾತ್ರೆ, ಆಪರೇಷನ್, ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ 70% ಎಲ್ಲವೂ ಒಂದೇ ಕಡೆ ಇರುವುದು ಅಲ್ಲಿ ಮಾತ್ರ. ಅದು ಸಾಧ್ಯ ಆಗಿರುವುದು ಕಾರ್ಮಿಕರ 0.75%ರ ಜೊತೆ ಮಾಲೀಕರ 3.25% ಸೇರುವುದರಿಂದ. ಲಗ್ಗೆರೆಯ ಆ ಮಹಿಳೆ ಗಾರ್ಮೆಂಟ್ಸ್ ಬಿಟ್ಟಾಗ ಕಳೆದುಕೊಂಡದ್ದು ಅದನ್ನೇ. ಐದು ಅಪಾರ್ಟ್‌ಮೆಂಟ್ ಮನೆಗಳಲ್ಲಿ ಪಾತ್ರೆ ತೊಳೆಯುವವರಿಗೆ ಮಾಲೀಕರ ಪಾಲು ಯಾರು ಕಟ್ಟಬೇಕು? ಐವರಲ್ಲಿ ಒಬ್ಬರೂ ಅಲ್ಲ.

ಗಿಗ್ ಕಾಯ್ದೆಯ ಕಲ್ಯಾಣ ಶುಲ್ಕ ಮುಖ್ಯವಾಗುವುದು ಇದಕ್ಕೇ. ಕಾಗದದ ಮೇಲಾದರೂ, ಮಾಲೀಕ ಅಂತ ಒಪ್ಪದವರಿಂದ ಮಾಲೀಕನ ಪಾಲನ್ನು ವಸೂಲಿ ಮಾಡುವ ದಾರಿ ಅದು.

ಮುಂದೆ ಎರಡು ದಾರಿ

ಈ ಶುಲ್ಕ ಸೇರುವ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ದುಡ್ಡು ಬಂದಾಗ ಅದನ್ನು ಹೇಗೆ ಖರ್ಚು ಮಾಡುತ್ತಾರೆ ಅನ್ನುವುದನ್ನು ನೋಡಬೇಕು. ಸುಲಭದ ದಾರಿ ಅಂದರೆ ಕಂಪನಿಯೊಂದರಿಂದ ಗುಂಪು ವಿಮೆ ಕೊಳ್ಳುವುದು. ಟೆಂಡರ್ ಕರೆಯಬಹುದು, ಕಾರ್ಡ್ ಹಂಚಬಹುದು, ಫೋಟೊ ತೆಗೆಸಿಕೊಳ್ಳಬಹುದು. ಆ ದುಡ್ಡಿನಲ್ಲಿ ಒಂದು ಪಾಲು ತೆರಿಗೆಗೆ, ಇನ್ನೊಂದು ಪಾಲು ಕಂಪನಿಯ ಖರ್ಚಿಗೆ ಹೋಗುತ್ತದೆ. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್‌ನಲ್ಲಿ ಆಗಲೇ ಇರುವುದನ್ನೇ ಇನ್ನೊಂದು ಕಾರ್ಡಿನಲ್ಲಿ ಕೊಟ್ಟ ಹಾಗಾಗುತ್ತದೆ. ಆರನೇ ಕಾರ್ಡ್.

ಇನ್ನೊಂದು ದಾರಿ ಸ್ವಲ್ಪ ಕಿರಿಕಿರಿಯದು. ದೊಡ್ಡ ಬಿಲ್ ಆಯುಷ್ಮಾನ್ ಮತ್ತು ಯಶಸ್ವಿನಿಗೆ ಬಿಟ್ಟು, ಶುಲ್ಕದ ಹಣದಲ್ಲಿ ಸಂಜೆ ಕ್ಲಿನಿಕ್, ಮಾತ್ರೆ ಮತ್ತು ಕೂಲಿ ನಷ್ಟಕ್ಕೆ ಕೊಡುವುದು. ಹೆಚ್ಚಿನ ನಮ್ಮ ಕ್ಲಿನಿಕ್ ಕಟ್ಟಡಗಳು 4.30ರ ಮೇಲೆ ಖಾಲಿಯೇ ಇರುತ್ತವೆ. ಅದೇ ಕುರ್ಚಿ, ಅದೇ ಲ್ಯಾಬ್ ಇಟ್ಟುಕೊಂಡು 5ರಿಂದ 9ರವರೆಗೆ ಸಂಘಗಳು ನಡೆಸಬಹುದು. ಇದಕ್ಕೆ ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆ, ಸಹಕಾರ ಇಲಾಖೆ ಮೂರೂ ಒಂದು ಟೇಬಲ್‌ಗೆ ಬರಬೇಕು. ಬೆಂಗಳೂರಿಗೆ ಪಾಲಿಕೆಯೂ ಈಗ ಒಂದಲ್ಲ, ಐದು. ಹಾಗಾಗಿ ಎಂಟು ಸಹಿ ಅಂತ ಇಟ್ಟುಕೊಳ್ಳಿ.

ನಿಮ್ಮ ಸಂಘದಲ್ಲಿ ಯಾರಾದರೂ ಆರೋಗ್ಯ ಯೋಜನೆ ಅಂತ ದುಡ್ಡು ಕೇಳಿದರೆ ಕೊಡುವ ಮೊದಲು ಕೇಳಿ: ಹೊರರೋಗಿ ಚಿಕಿತ್ಸೆ ಮತ್ತು ಮಾತ್ರೆ ಇದೆಯಾ, ಸಕ್ಕರೆ ಕಾಯಿಲೆ ಮೊದಲೇ ಇದ್ದವರನ್ನು ಸೇರಿಸುತ್ತೀರಾ, ದುಡ್ಡು ಯಾರ ಹೆಸರಿನ ಖಾತೆಯಲ್ಲಿರುತ್ತದೆ, ಕ್ಲೇಮ್ ತಿರಸ್ಕಾರ ಆದರೆ ಯಾವ ಸಭೆಯಲ್ಲಿ ಎದ್ದು ನಿಲ್ಲಬೇಕು. ಕೊನೆಯ ಪ್ರಶ್ನೆಗೆ ಅವರು ಟೋಲ್ ಫ್ರೀ ನಂಬರ್ ಕೊಟ್ಟರೆ, ಅದು ಸಹಕಾರ ಯೋಜನೆ ಅಲ್ಲ.